ಎಣ್ಣೆ ಡಬ್ಬಿಯ ಬ್ರೆಡ್ಡು

ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಹುದುಗು ಬರುವ ವಾಸನೆಯೊಂದು ಇದೆಯಲ್ಲ, ತುಸು ಹುಳಿ, ತುಸು ಸಿಹಿ, ಹಾಲು ಕಕ್ಕಿದ ಕೂಸಿನ ಅಂಗಿಯಂಥದ್ದು, ಅದು ಮೊನ್ನೆ ಮಧ್ಯಾಹ್ನ ನಮ್ಮ ವಿದ್ಯಾನಗರದ ಮನೆಯ ಅಡುಗೆಕೋಣೆಯಿಂದ ಮೆಲ್ಲಗೆ ಎದ್ದು ಬಂದು, ಪಡಸಾಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನನ್ನ ಮೂಗಿಗೆ ತಾಗಿತು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಹೋಗಿಬಿಡುತ್ತದೆ ಅಂತ ಗೊತ್ತಿತ್ತು. ಫ್ಯಾನಿನ ಸದ್ದು ದೂರವಾಯಿತು, ರಸ್ತೆಯ ಗಾಡಿಗಳ ಸದ್ದು ದೂರವಾಯಿತು. ಪಾದದ ಕೆಳಗಿನ ಟೈಲ್ಸ್ ಕರಗಿ ಅಲ್ಲಿ ತಣ್ಣನೆಯ ಶಹಾಬಾದ್ ಕಲ್ಲು ಬಂತು. ಜೋಳದ ಚೀಲಗಳ ಧೂಳು ಬಂತು, ಹಿತ್ತಲ ಗೋಡೆಯಾಚೆಯಿಂದ ಭಟ್ಟಿಯ ಕಟ್ಟಿಗೆ ಹೊಗೆ ಬಂತು. ಹಳೇ ಹುಬ್ಬಳ್ಳಿಯ ಇಕ್ಕಟ್ಟು ಓಣಿಯೊಳಗಿನ ನಮ್ಮ ಮನೆ, ಈಗ ಇಲ್ಲದ ಆ ಮನೆ, ಒಂದು ಗಳಿಗೆ ನನ್ನ ಸುತ್ತ ಪೂರ್ತಿ ಎದ್ದು ನಿಂತಿತ್ತು. ಒಳಗೆ ಅವ್ವ ಯಾರಿಗೋ ಏನೋ ಹೇಳುತ್ತಿದ್ದಳು. ಮಾತು ಕೇಳಿಸಲಿಲ್ಲ, ಬಳೆಯ ಸದ್ದು ಮಾತ್ರ ಕೇಳಿಸಿತು.

ಇದಕ್ಕೆಲ್ಲ ಕಾರಣ ನನ್ನ ಮಗಳು. ದೀಪಾವಳಿಗೆ ಬಂದವಳು ಒಂದು ಓವನ್ ತಂದು ಕಟ್ಟೆಯ ಮೇಲೆ ಕೂಡಿಸಿ, "ಅವ್ವಾ, ದಿನಾ ಅಂಗಡಿ ಬ್ರೆಡ್ ಯಾಕ ತಿಂತೀರಿ? ಮನ್ಯಾಗ ಮಾಡ್ರಿ, ಭಾಳ ಸರಳ ಐತಿ" ಅಂದು ಫೋನಿನಲ್ಲಿ ಒಂದು ವಿಡಿಯೊ ಹಾಕಿಕೊಟ್ಟಳು. ವಿಡಿಯೊದ ಹೆಂಗಸು ನಗುತ್ತಲೇ ಎಲ್ಲ ಮಾಡಿಬಿಡುತ್ತಾಳೆ. ಹಿಟ್ಟು ಅವಳ ಕೈಗೆ ಅಂಟುವುದಿಲ್ಲ, ಸೀರೆಗೆ ಹತ್ತುವುದಿಲ್ಲ. ನಾನೂ ಮೈದಾ ಜರಡಿ ಹಿಡಿದೆ, ಈಸ್ಟ್ ಹಾಕಿದೆ, ಸಕ್ಕರೆ ಹಾಕಿದೆ. ಅಷ್ಟರವರೆಗೆ ಛಲೋ ಇತ್ತು. ಆಮೇಲೆ ನನ್ನ ಕೈ ನನ್ನನ್ನು ಕೇಳದೇ ಒಲೆಯ ಮೇಲಿಂದ ಕುದಿಯುವ ಎಸರು ಎತ್ತಿ ಹಿಟ್ಟಿನ ನಡುವಿನ ಕುಣಿಗೆ ಸುರಿದುಬಿಟ್ಟಿತು. ಜೋಳದ ರೊಟ್ಟಿ ಬಡಿದು ಬೆಳೆದ ಕೈ ಅದು. ಜೋಳದ ಹಿಟ್ಟಿಗೆ ತಾನಾಗಿ ಜಿಗುಟಿಲ್ಲ, ಕುದಿಯುವ ಎಸರು ಬಿದ್ದರೇ ಅದು ಒಂದಕ್ಕೊಂದು ಹಿಡಿದುಕೊಳ್ಳುವುದು. ಹಿಟ್ಟು, ಎಸರು, ಕೈ: ನಮ್ಮ ಕಡೆ ರೊಟ್ಟಿಗೆ ಬೇಕಾದದ್ದು ಇಷ್ಟೇ. ಆದರೆ ಈಸ್ಟ್ ಜೀವ ಇದ್ದದ್ದು, ಎಸರಿಗೆ ಅದು ಉಳಿಯುತ್ತದೆಯೇ? ಸಂಜೆ ಓವನ್ನಿನಿಂದ ಬಂದದ್ದನ್ನು ಮಗಳು ಬೆರಳಿನಿಂದ ತಟ್ಟಿ ನೋಡಿ, "ಕಂಪೌಂಡ್ ಗ್ವಾಡಿಗೆ ಒಂದು ಇಟ್ಟಂಗಿ ಕಡಿಮಿ ಬಿದ್ದಿತ್ತು, ಆತು ಬಿಡ್ರಿ" ಅಂದಳು. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಅವಳಿಗೆ ಏನೂ ತಿಳಿಯಲಿಲ್ಲ, ಪಾಪ, ಒಂದು ಬ್ರೆಡ್ಡಿಗೆ ಅಳುತ್ತಾಳಲ್ಲ ಅಂದುಕೊಂಡಿರಬೇಕು. ಆದರೆ ಈ ಇಟ್ಟಂಗಿಯನ್ನು ನಾನು ಮೊದಲೇ ಒಂದು ಸಲ ನೋಡಿದ್ದೆ, ನನ್ನ ಅವ್ವನ ಕೈಯಲ್ಲಿ.

ನಾವು ಸಣ್ಣವರಿದ್ದಾಗ ಬ್ರೆಡ್ಡು ಊಟವೂ ಅಲ್ಲ, ತಿಂಡಿಯೂ ಅಲ್ಲ. ಅದು ಬ್ಯಾನಿಯ ಗುರುತು. ಜ್ವರ ಬಂದವರಿಗೆ, ಬಾಣಂತಿ ನಂಜಿಗೆ, ದವಾಖಾನೆಯಲ್ಲಿ ಮಲಗಿದವರಿಗೆ ಮೋಸಂಬಿಯ ಜೊತೆ ಒಯ್ಯುವ ವಸ್ತು. ಓಣಿಯಲ್ಲಿ ಯಾರಾದರೂ ಬ್ರೆಡ್ಡಿನ ಪುಡಿಕೆ ಹಿಡಿದು ನಡೆದರೆ ಕಟ್ಟೆಯ ಮೇಲೆ ಕೂತವರು ನಮಸ್ಕಾರಕ್ಕಿಂತ ಮೊದಲು ಕೇಳುತ್ತಿದ್ದದ್ದು "ಯಾರಿಗೆ ಆರಾಮಿಲ್ರಿ?" ಅಂತ. ಜ್ವರ ಬರಲಿ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ. ಬಂದಾಗ ಮಾತ್ರ ಬಾಯಿ ಕಹಿ, ಬ್ರೆಡ್ಡು ಎದುರಿಗಿದ್ದರೂ ಸೇರುತ್ತಿರಲಿಲ್ಲ. ನಮ್ಮ ಹಿತ್ತಲ ಗೋಡೆಗೆ ಹತ್ತಿಕೊಂಡೇ ಇಮಾಮ್ ಕಾಕಾನ ಭಟ್ಟಿ ಇತ್ತು. ಆ ಗೋಡೆ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಸಾಲಿಯಿಂದ ಬಂದು ಬೆನ್ನು ಅದಕ್ಕೆ ಆನಿಸಿ ಕೂತರೆ ಆಚೆ ಕಡೆ ತಗಡಿನ ಟ್ರೇ ಎಳೆಯುವ ಸದ್ದು, ಕಾಕಾನ ಹೆಂಡತಿ ಖೈರುನ್ ಚಾಚಿಯ ಕೆಮ್ಮು, ಆಮೇಲೆ ಆ ವಾಸನೆ. ನನ್ನ ಬಾಲ್ಯವೆಲ್ಲ ಬ್ರೆಡ್ಡಿನ ವಾಸನೆ ಕುಡಿದು ರೊಟ್ಟಿ ತಿಂದದ್ದು ಅಂತ ಹೇಳಿದರೆ ತಪ್ಪಾಗಲಿಕ್ಕಿಲ್ಲ.

ಮನೆಯ ಮುಂಭಾಗ ಅಪ್ಪನ ಕಾಳಿನ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ. ಅಪ್ಪ ಬೆಳಗಾದರೆ ಅಮರಗೋಳದ ಮಾರ್ಕೆಟ್ಟಿಗೆ ಹೋದವನು ಸಂಜೆಗೇ ಬರುವವನು. ಹಗಲಿಡೀ ಆ ಮನೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಸಣ್ಣ ಮೈಯವಳು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿಯಲ್ಲಿ ಅಲ್ಲಾಡುವ ಬುಗುಡಿ. ಪೂಜೆ ಮುಗಿಯದೇ ನೀರು ಮುಟ್ಟುತ್ತಿರಲಿಲ್ಲ, ಹೊರಗೆ ಬೇಯಿಸಿದ್ದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಅವಳ ತಾಟಿಗೆ ಬಡಿಸುವುದನ್ನು ಮೊದಲು ಯಾರೂ ರುಚಿ ನೋಡುವಂತಿಲ್ಲ, ಅದು ಮೀಸಲು. ಶಿರಗುಪ್ಪಿಯ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದ ನಮ್ಮ ಅವ್ವನಿಗೆ ಇದೇ ದೊಡ್ಡ ಪರೀಕ್ಷೆ: ರುಚಿ ನೋಡದೇ ಅಡುಗೆ ಮಾಡಬೇಕು, ತಪ್ಪಿದರೆ ಬೈಸಿಕೊಳ್ಳಬೇಕು. ಆಯಿಯ ತಕರಾರೆಲ್ಲ ಉಪ್ಪಿನ ಮೇಲೆ. ಮೊದಲ ತುತ್ತು ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು. ಆಯಿ ಕಣ್ಣು ತೆರೆದು, "ಒಂದು ಹಳ್ಳು ಉಪ್ಪು ಕಡಿಮಿ ಆತು" ಅನ್ನುತ್ತಿದ್ದಳು. ಮರುದಿನ, "ಶಿರಗುಪ್ಪಿ ಮಂದಿ ಉಪ್ಪು ಬಿತ್ತಿ ಬೆಳಿತಾರೇನವಾ?" ಅನ್ನುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಗಾದೆ ಆಯಿಯ ಬಾಯಲ್ಲಿ ಎಷ್ಟು ಸಲ ಬಂದಿತ್ತೆಂದರೆ, ಅದನ್ನು ಅವಳೇ ಕಟ್ಟಿದ್ದಾಳೆ ಅಂತ ನಾನು ತಿಳಿದಿದ್ದೆ. ಸಾರಿನ ಹಬೆ ಮೂಸಿಯೇ ಉಪ್ಪು ಹೇಳುತ್ತಾಳೆ ಅಂತ ಓಣಿಯಲ್ಲಿ ಹೆಸರಿತ್ತು. ಅವ್ವನಿಗೆ ಬೇಕಾಗಿದ್ದದ್ದು ಒಂದೇ ಮಾತು, ಛಲೋ ಆಗೇತಿ ಅಂತ. ಮದುವೆಯಾಗಿ ಬಂದು ನಾನು ಹುಟ್ಟಿ, ನನ್ನ ಬೆನ್ನಿಗೆ ತಮ್ಮ ಹುಟ್ಟಿ ತೊಟ್ಟಿಲಲ್ಲಿದ್ದರೂ ಆ ಮಾತು ಬಂದಿರಲಿಲ್ಲ.

ಆ ವರ್ಷ ಸುಗ್ಗಿಯ ಹೊತ್ತಿಗೆ ಆಯಿಯ ಗಂಟಲು ಕಟ್ಟಿತು. ಮೊದಲು ಖಟಕ ರೊಟ್ಟಿ ಬಿಟ್ಟಳು, ಆಮೇಲೆ ಬಿಸಿ ರೊಟ್ಟಿ, ಆಮೇಲೆ ಸಾರಿನಲ್ಲಿ ನೆನೆಸಿದ ರೊಟ್ಟಿಯೂ ಇಳಿಯದಾಯಿತು. ಗಂಜಿ ತಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. "ತುತ್ತು ಮುರೀದ ಊಟ ಊಟ ಏನs? ಕುಡಿಯೂದು ದನಾನೂ ಕುಡಿತಾವ" ಅನ್ನುತ್ತಿದ್ದಳು. ಕೈಯಿಂದ ಮುರಿಯುವಂಥದ್ದು ಬೇಕು ಅವಳಿಗೆ. ಮುರಿದು, ಅದ್ದಿ, ತುತ್ತು ಮಾಡಿ ತಿನ್ನುವುದೇ ಅವಳ ಲೆಕ್ಕದಲ್ಲಿ ಮನುಷ್ಯರ ಊಟ. ದಿನ ದಿನಕ್ಕೆ ಅವಳ ಬಳೆಗಳು ಮೊಣಕೈಯತ್ತ ಜಾರತೊಡಗಿದವು. ಡಾಕ್ಟರು ಬಂದು ನೋಡಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಡಿರಿ, ಅದು ಮುರಿಯಲಿಕ್ಕೂ ಆಗುತ್ತದೆ, ಇಳಿಯಲಿಕ್ಕೂ ಆಗುತ್ತದೆ ಅಂದರು. ಭಟ್ಟಿಯ ಬ್ರೆಡ್ಡು ಅಂತ ಕೇಳಿದ್ದೇ ಆಯಿ ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಹೊರಗಿನದು ಬೇಡ ಅಂದರೆ ಬೇಡ. ಅಪ್ಪ ಕೈ ಹಿಸುಕುತ್ತ ಅಂಗಡಿಗೂ ಪಡಸಾಲೆಗೂ ತಿರುಗಾಡಿದ. ಆಯಿ ಹೀಗೇ ಉಪವಾಸ ಮಲಗಿ ಹೋಗಿಬಿಡುತ್ತಾಳೆ ಅಂತ ನಮಗೆಲ್ಲ ಗೊತ್ತಾಗಿತ್ತು, ತೊಟ್ಟಿಲಲ್ಲಿದ್ದವನೊಬ್ಬನನ್ನು ಬಿಟ್ಟು.

ದಾರಿ ಕಂಡವಳು ಅವ್ವ. ದೀಪಾವಳಿಗೆ ನಮ್ಮ ಓಣಿಯ ಎಲ್ಲ ಮನೆಯವರೂ ಮೈದಾ, ಸಕ್ಕರೆ, ತುಪ್ಪ ಕಲಸಿ ತಟ್ಟೆಯಲ್ಲಿ ಜೋಡಿಸಿ ಭಟ್ಟಿಗೆ ಒಯ್ಯುವುದಿತ್ತು. ಕಾಕಾ ಅದನ್ನು ಬೇಯಿಸಿಕೊಡುತ್ತಿದ್ದ, ನಾವು ಡಬ್ಬಿ ತುಂಬ ನಾನಖಟಾಯಿ ತರುತ್ತಿದ್ದೆವು. ಅದನ್ನು ಆಯಿಯೂ ತಿನ್ನುತ್ತಿದ್ದಳು, "ಹಿಟ್ಟು ನಮ್ದು, ಬೆಂಕಿಗೇನು ಮೈಲಿಗಿ?" ಅಂತ. ಹಾಗಾದರೆ ಬ್ರೆಡ್ಡಿನ ಹಿಟ್ಟನ್ನೂ ನಾನೇ ಮನೆಯಲ್ಲಿ ನಾದಿ ಬೇಯಿಸಲಿಕ್ಕೆ ಕೊಡುತ್ತೇನೆ ಅಂದಳು ಅವ್ವ. ಬ್ರೆಡ್ಡು ಮಾಡುವುದನ್ನು ಅವಳು ಕಣ್ಣಿಂದಲೂ ನೋಡಿದವಳಲ್ಲ. ಹಿತ್ತಲ ಗೋಡೆಯ ಮೇಲಿಂದ ಖೈರುನ್ ಚಾಚಿಯನ್ನು ಕೇಳಿದಳು. ಚಾಚಿ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಳು: ಮೈದಾ, ಸ್ವಲ್ಪ ಸಕ್ಕರೆ, ಸ್ವಲ್ಪ ತುಪ್ಪ, ನೀರು, ಮತ್ತು ಭಟ್ಟಿಯಿಂದ ಒಂದು ಮುಟಿಗೆ ಖಮೀರು, ಅಂದರೆ ನಿನ್ನೆಯ ಹುಳಿಹಿಟ್ಟು. ಅಲ್ಲೇ ಗಂಟು ಬಿತ್ತು. ಖಮೀರು ಅವರ ಮನೆಯದಲ್ಲವೇ? ಅವ್ವ ಹೆದರುತ್ತ ಆಯಿಯ ಹತ್ತಿರ ಕೂತು, ಹೆಪ್ಪಿನಷ್ಟೇ ಅತ್ತಿ, ಹಾಲಿಗೆ ಹೆಪ್ಪು ಹಾಕಿದಂಗ, ಅಂದಳು. ಆಯಿ ಅಂದಳು, "ಹೋದ ಬ್ಯಾಸಗಿ ಮಸರು ಕೆಟ್ಟಾಗ ನೀ ಹೆಪ್ಪು ಯಾರ ಮನ್ಯಾಗಿಂದ ತಂದಿದ್ದಿ? ನನಗ ಗೊತ್ತಿಲ್ಲಂತ ತಿಳದೀಯೇನು?" ಅವ್ವನ ಮುಖ ಕೆಂಪಾಯಿತು. ಅದು ಚಾಚಿಯ ಮನೆಯ ಹೆಪ್ಪು, ಯಾರಿಗೂ ಹೇಳದೇ ಗೋಡೆಯ ಮೇಲಿಂದ ಇಸಿದುಕೊಂಡದ್ದು. ಅದೇ ಮೊಸರನ್ನು ಆಯಿ ಒಂದು ವರ್ಷ ಸುರಿದುಕೊಂಡು ಉಂಡಿದ್ದಳು. "ಹೆಪ್ಪು ಯಾರದರ ಇರವಲ್ದ್ಯಾಕ, ಹಾಲು ಯಾರದೋ ಮಸರು ಅವರದು. ತಗೊಂಬಾ ಹೋಗು" ಅಂದು ಆಯಿ ಗೋಡೆಯತ್ತ ಹೊರಳಿದಳು. ಎಲ್ಲದಕ್ಕೂ ಬೈಯುವ ಆಯಿ ಒಳಗೆ ಇಂಥವನ್ನೂ ಇಟ್ಟುಕೊಂಡು ಸುಮ್ಮನಿರುತ್ತಾಳೆ ಅಂತ ನನಗೆ ತಿಳಿದದ್ದು ಆವತ್ತು.

ಬ್ರೆಡ್ಡಿಗೆ ಅಚ್ಚು ಬೇಕಲ್ಲ. ಭಟ್ಟಿಯ ಅಚ್ಚು ಬೇಡ ಅಂತ ಅವ್ವ ಅಂಗಡಿಯಲ್ಲಿದ್ದ ಖಾಲಿ ಎಣ್ಣೆ ಡಬ್ಬಿಯನ್ನು ಓಣಿಯ ತಗಡಿನವನ ಹತ್ತಿರ ಒಯ್ದು ಉದ್ದಕ್ಕೆ ಕತ್ತರಿಸಿ ಅಂಚು ಮಡಚಿಸಿಕೊಂಡು ಬಂದಳು. ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಿ ಮಾಡಿದಳು. ಬೆಸುಗೆ ಹಾಕಿದಲ್ಲಿ ಒಳಗೆ ಒಂದು ಗೆರೆ ಎದ್ದಿತ್ತು, ಅದು ಹೋಗಲೇ ಇಲ್ಲ. ಮೊದಲ ದಿನ ಮಡಿಯಲ್ಲಿ ಮೈದಾವನ್ನು ಹಿಟ್ಟು ನಾದುವ ಕೊಣಮಿಗೆಯಲ್ಲಿ ಹಾಕಿ, ಖಮೀರು ಮುರಿದಿಟ್ಟು, ಒಲೆಯ ಮೇಲೆ ಕುದಿಯುತ್ತಿದ್ದ ಎಸರನ್ನು ಎತ್ತಿ ಸುರಿದಳು. ನಾನು ಈ ದೀಪಾವಳಿಗೆ ಸುರಿದ ಹಾಗೆಯೇ. ರೊಟ್ಟಿಯ ಕೈಗೆ ಬೇರೆ ಏನು ಗೊತ್ತು? ಹಿಟ್ಟು ಮಧ್ಯಾಹ್ನವಾದರೂ ಏಳಲಿಲ್ಲ, ಸಂಜೆಯಾದರೂ ಏಳಲಿಲ್ಲ. ಆದದ್ದಾಗಲಿ ಅಂತ ಬೇಯಿಸಿ ತಂದರೆ ಆ ಇಟ್ಟಂಗಿ. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಲ್ಲಿ ನಿಂತು ಅತ್ತಳು. ಗೋಡೆಯಾಚೆಯಿಂದ ಚಾಚಿ, "ಎಸರು ಹಾಕಿದಿಯಾ? ಯಾ ಅಲ್ಲಾ! ಖಮೀರು ಜೀವಂತ ಇರ್ತೈತಿ, ಅದನ್ನ ಕುದಿಸಿ ಕೊಂದಿಯಲ್ಲವಾ" ಅಂತ ತಲೆಗೆ ಕೈ ಹಚ್ಚಿದಳು. ನೀರು ಎಷ್ಟು ಬಿಸಿ ಇರಬೇಕು ಅಂದರೆ ಅವ್ವನಿಗೆ ತಿಳಿಯುವ ಹಾಗೆ ಹೇಳಿದಳು: "ನಿನ್ನ ಕೂಸಿನ ನೆತ್ತಿಗೆ ಎರಿತೀಯಲ್ಲ, ಆ ನೀರು." ಅವ್ವ ಕಣ್ಣೊರೆಸಿಕೊಂಡಳು. ಮರುದಿನ ಅವಳು ಮೊಣಕೈಯಿಂದ ನೀರು ಮುಟ್ಟಿ ನೋಡಿ ಹಾಕಿದ್ದು ನನಗೆ ನೆನಪಿದೆ, ತಮ್ಮನಿಗೆ ಎರೆಯುವಾಗ ನೋಡುತ್ತಿದ್ದ ಹಾಗೆ.

ಆ ಹಿಟ್ಟು ಎದ್ದಿತು. ಬೆಳಗಿನ ಬಿಸಿಲಲ್ಲಿ, ಒದ್ದೆ ಬಟ್ಟೆಯ ಕೆಳಗೆ, ಯಾರೂ ಮುಟ್ಟದೇ ತಾನಾಗಿ ಉಬ್ಬಿತು. ನಾನು ಅಂಥದ್ದನ್ನು ನೋಡಿರಲಿಲ್ಲ. ಕಾಕಾ ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಡಬ್ಬಿಯ ಬೆಸುಗೆಯ ಗೆರೆ ಬ್ರೆಡ್ಡಿನ ಬೆನ್ನ ಮೇಲೆ ಉದ್ದಕ್ಕೆ ಮೂಡಿತ್ತು. ಅವ್ವ ಒಂದು ಹೋಳು ತಾಟಿನಲ್ಲಿಟ್ಟು, ಬಟ್ಟಲಲ್ಲಿ ಹಾಲಿಟ್ಟು, ಬಾಗಿಲಲ್ಲಿ ನಿಂತಳು. ಆಯಿ ಎದ್ದು ಕೂತು, ಲಿಂಗಕ್ಕೆ ಕೈ ಮುಗಿದು, ಆ ಹೋಳನ್ನು ಎರಡೂ ಕೈಯಿಂದ ನಿಧಾನ ಮುರಿದಳು. ಮುರಿಯುವಾಗ ಅವಳ ಮುಖ ನೋಡಬೇಕಿತ್ತು. ತುತ್ತು ಅದ್ದಿ ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಅವ್ವನ ಕೈ ಚೌಕಟ್ಟು ಹಿಡಿದಿತ್ತು. ಆಯಿ ನುಂಗಿದಳು. ಕಣ್ಣು ತೆರೆದು ಬಾಗಿಲತ್ತ ಒಂದು ಸಲ ನೋಡಿ, ಮತ್ತೆ ಮುರಿದು ಇನ್ನೊಂದು ತುತ್ತು ಮಾಡಿದಳು. ಕೊನೆಯ ತುತ್ತಿನವರೆಗೆ ಏನೂ ಅನ್ನಲಿಲ್ಲ. ಕೈ ತೊಳೆದು, ನಾಳೆನೂ ಮಾಡು ಅಂದಳು, ಅಷ್ಟೇ. ಅಪ್ಪ ಆವತ್ತು ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದ.

ಅಲ್ಲಿಂದ ಮುಂದಿನ ದಿನಗಳು ನನ್ನ ನೆನಪಿನಲ್ಲಿ ಒಂದೇ ದಿನದ ಹಾಗೆ ಕೂಡಿಕೊಂಡಿವೆ. ಮುಂಜಾನೆ ಹಿಟ್ಟಿನ ವಾಸನೆ, ಅದು ಏರುವುದನ್ನು ಕಾಯುತ್ತ ಅಡುಗೆಮನೆಯ ಹೊಸ್ತಿಲಲ್ಲಿ ನಾನು, ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ತೇಲುವ ಮೈದಾ ಪುಡಿ, ತೊಟ್ಟಿಲ ಕಿರುಗುಟ್ಟು, ಆಯಿಯ ಮಂತ್ರದ ಗುನುಗು. ಆಯಿಯ ಮುಖಕ್ಕೆ ತುಸು ಬಣ್ಣ ಬಂತು. ಅವ್ವ ಪ್ರತಿ ಸಲ ಒಂದು ಚೂರು ಹಿಟ್ಟನ್ನು ಭರಣಿಯಲ್ಲಿ ತೆಗೆದಿಟ್ಟು ಮರುದಿನಕ್ಕೆ ಹೆಪ್ಪು ಮಾಡತೊಡಗಿದಳು. ಇಮಾಮ್ ಕಾಕಾ ಮಾತ್ರ ಡಬ್ಬಿ ಇಸಿದುಕೊಳ್ಳುವಾಗ ಗಡ್ಡ ತುರಿಸುತ್ತ, "ನಿಮ್ಮ ಹಿಟ್ಟಿಗೆ ಭಾಳ ಅವಸರ ನೋಡ್ರಿ, ನಮ್ಮದಕ್ಕಿಂತ ಮೊದ್ಲ ಏರಿ ನಿಂತಿರತೈತಿ. ಬಣ್ಣ ಮಾತ್ರ ಹಿಡಿಯೂದಿಲ್ಲ" ಅನ್ನುತ್ತಿದ್ದ. ಶಿರಗುಪ್ಪಿಯ ಕೈಗುಣ ಅಂತ ಚಾಚಿ ನಗುತ್ತಿದ್ದಳು. ನನಗೂ ಒಂದು ಹೋಳು ಬೇಕಿತ್ತು. ಆಯಿಯ ಮಂಚಕ್ಕೆ ಗದ್ದ ಊರಿ ನಿಂತು ನೋಡುತ್ತಿದ್ದೆ. ರೊಟ್ಟಿಯಾದರೆ ಮೊದಲ ತುತ್ತನ್ನು ನನ್ನ ಬಾಯಿಗೇ ಹಾಕುತ್ತಿದ್ದವಳು ಈಗ ತಾಟನ್ನು ಆಚೆ ಸರಿಸಿಕೊಂಡು, "ಇದು ಬ್ಯಾನಿ ಮಂದಿದು, ನೀ ಮುಟ್ಟಬಾರ್ದು" ಅನ್ನುತ್ತಿದ್ದಳು. ಉಳಿದ ಹೋಳುಗಳನ್ನೂ ಬಟ್ಟೆಯಲ್ಲಿ ಕಟ್ಟಿ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಎಂಥ ಆಸೆಬುರುಕಿ ಮುದುಕಿ ಅಂತ ನನಗೆ ಸಿಟ್ಟು ಬರುತ್ತಿತ್ತು. ಅವ್ವನಿಗೆ ಬೇರೆಯೇ ಚಿಂತೆ. "ತಿಂತಾರ, ಬೈಯೂದs ಇಲ್ಲ" ಅಂತ ಗೋಡೆಯಾಚೆ ಹೇಳುತ್ತಿದ್ದಳು, "ಛಲೋ ಐತಿ ಅಂತಾನೂ ಅನ್ನವಲ್ರು. ಹಿಂಗ ಸುಮ್ನ ಇದ್ರ ನನಗ ಹೆದರಿಕಿ ಬರ್ತೈತಿ ಚಾಚಿ."

ಆಯಿ ಹೋದದ್ದು ಒಂದು ಮುಂಜಾನೆ, ಬೆಳಗಿನ ಪೂಜೆ ಮುಗಿಸಿ ಗೋಡೆಗೆ ಒರಗಿದವಳು ಹಾಗೇ. ಭಟ್ಟಿಯ ಬೆಚ್ಚನೆಯ ಗೋಡೆ. ನಿದ್ದೆ ಹೋಗಿದ್ದಾಳೆ ಅಂತಲೇ ನಾನು ತಿಳಿದೆ. ಆಮೇಲೆ ಮನೆ ತುಂಬ ಜನ ಬಂದರು, ಆಯಿಯನ್ನು ಪಡಸಾಲೆಯಲ್ಲಿ ಪದ್ಮಾಸನದಲ್ಲಿ ಕೂಡಿಸಿ ಹೂವು ಮುಡಿಸಿ ವಿಭೂತಿ ಹಚ್ಚಿದರು, ಭಜನೆಯವರು ತಾಳ ಹಿಡಿದು ಕೂತರು. ಅವ್ವ ಅಳಲಿಲ್ಲ. ಬಂದವರಿಗೆ ನೀರು, ಚಾಪೆ, ಮಂದಿಯ ಮಕ್ಕಳು, ಇದರಲ್ಲೇ ತಿರುಗುತ್ತಿದ್ದಳು. ಅಡುಗೆಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಅಲ್ಲಿ ಯಾರೂ ಇರಲಿಲ್ಲ. ನಾನು ನೀರು ಕುಡಿಯಲು ಹೋದೆ. ಮುಂಜಾನೆ ಅವ್ವ ನಾದಿಟ್ಟಿದ್ದ ಹಿಟ್ಟು ಯಾರ ನೆನಪೂ ಇಲ್ಲದೇ ಅಲ್ಲೇ ಮೂಲೆಯಲ್ಲಿತ್ತು. ಅದು ಏರಿ ಏರಿ ಬಟ್ಟೆಯನ್ನು ಎತ್ತಿ, ಕೊಣಮಿಗೆಯ ಅಂಚು ದಾಟಿ, ಮೆಲ್ಲಗೆ ಹೊರಗೆ ಇಳಿಯುತ್ತಿತ್ತು. ಪಡಸಾಲೆಯಲ್ಲಿ ಆಯಿ ಇಲ್ಲವಾಗಿದ್ದಳು, ಇಲ್ಲಿ ಅವಳ ಬ್ರೆಡ್ಡು ಅವಳನ್ನು ಕೇಳದೇ ಬೆಳೆಯುತ್ತಿತ್ತು. ನನಗೆ ಆವತ್ತು ಮೊದಲ ಸಲ ಅಳು ಬಂದದ್ದು ಅದನ್ನು ನೋಡಿ. ಹಿತ್ತಲ ಬಾಗಿಲಿಂದ ಬಂದ ಖೈರುನ್ ಚಾಚಿ ನನ್ನನ್ನೂ ಹಿಟ್ಟನ್ನೂ ನೋಡಿದಳು. ಹಿಟ್ಟನ್ನು ಒಳಗೆ ಮಡಚಿ, ಎಣ್ಣೆ ಡಬ್ಬಿಯನ್ನು ತೆಗೆದುಕೊಂಡು, ಎರಡನ್ನೂ ಸೆರಗಿನಲ್ಲಿ ಮುಚ್ಚಿ ಒಯ್ದಳು.

ಮಣ್ಣು ಮುಗಿಸಿ ಗಂಡಸರು ಬಂದು, ಎಲ್ಲರೂ ಮೈ ತೊಳೆದುಕೊಂಡರು. ಬೀಗರ ಮನೆಗಳಿಂದ ಅನ್ನ, ಸಾರು ಬಂತು, ಪಡಸಾಲೆಯಲ್ಲಿ ಪಂಕ್ತಿ ಕೂತಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ, ದಿನಾ ನಿಲ್ಲುತ್ತಿದ್ದ ಜಾಗದಲ್ಲೇ, ಕುಸಿದು ಕೂತಿದ್ದಳು. ಎಷ್ಟು ಹೇಳಿದರೂ ಒಂದು ಹನಿ ಮುಟ್ಟಿರಲಿಲ್ಲ. ಸಂಜೆ ಬೆಳಕಿರುವಾಗಲೇ ಚಾಚಿ ಮತ್ತೆ ಬಂದಳು, ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಹಿಡಿದು. "ನಿನ್ನ ಹಿಟ್ಟs ಐತಿ, ನಾದಿದ್ದು ನೀನs. ಹಗಲೆಲ್ಲ ಉಪವಾಸ ಅದೀ, ತಿನ್ನು" ಅಂದು ಒಂದು ಹೋಳು ಮುರಿದು ಅರ್ಧ ಅವ್ವನ ಕೈಯಲ್ಲಿ, ಅರ್ಧ ನನ್ನ ಕೈಯಲ್ಲಿ ಇಟ್ಟಳು. ನಾನು ಅಷ್ಟು ದಿನ ಕಾದಿದ್ದ ಬ್ರೆಡ್ಡು. ಬಾಯಿಗೆ ಹಾಕಿದೆ, ಮೆತ್ತಗಿತ್ತು, ಬೆಚ್ಚಗಿತ್ತು, ಮತ್ತೆ ಏನೂ ಇರಲಿಲ್ಲ. ಅವ್ವ ಅಗಿಯುತ್ತಿದ್ದವಳು ನಿಲ್ಲಿಸಿದಳು. ಮತ್ತೆ ಅಗಿದಳು, ಮತ್ತೆ ನಿಲ್ಲಿಸಿದಳು. "ಉಪ್ಪು" ಅಂದಳು. ಚಾಚಿಗೆ ತಿಳಿಯಲಿಲ್ಲ. "ಉಪ್ಪs ಇಲ್ಲಲ್ಲ ಚಾಚಿ ಇದರಾಗ." ಚಾಚಿ ಒಂದು ಚೂರು ಬಾಯಿಗೆ ಹಾಕಿಕೊಂಡು ಗಾಬರಿಯಾದಳು, "ಹಾಯ್, ನೀ ಉಪ್ಪು ಹಾಕಿಲ್ಲೇನು? ಅಡಗಿ ಮಾಡೋರಿಗೆ ಉಪ್ಪು ಹಾಕ್ರಿ ಅಂತ ಯಾರರ ಹೇಳಿಕೊಡತಾರ?" ರೊಟ್ಟಿಯ ಹಿಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ. ಅವ್ವ ಇದಕ್ಕೂ ಹಾಕಿರಲಿಲ್ಲ, ಒಂದು ದಿನವೂ. ಕಾಕಾ ಹೇಳುತ್ತಿದ್ದ ಹಿಟ್ಟಿನ ಅವಸರ, ಹಿಡಿಯದ ಬಣ್ಣ, ಎಲ್ಲ ಅದರಿಂದಲೇ. ಮೀಸಲು ಅಂತ ತಾನು ರುಚಿ ನೋಡಲಿಲ್ಲ, ಬೇರೆಯವರಿಗೆ ಆಯಿ ಮುಟ್ಟಗೊಡಲಿಲ್ಲ. ಒಂದು ಹಳ್ಳು ಕಡಿಮೆಯಾದರೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಆಯಿ ಅಷ್ಟೂ ದಿನ ಆ ಸಪ್ಪೆ ಬ್ರೆಡ್ಡನ್ನು ಮುರಿದು, ಅದ್ದಿ, ಕಣ್ಣು ಮುಚ್ಚಿ, ಕೊನೆಯ ತುತ್ತಿನವರೆಗೆ ತಿಂದಿದ್ದಳು. ನನ್ನಂಥ ಬಾಯಿಬಡಕಿ ಒಂದು ಚೂರು ತಿಂದಿದ್ದರೆ ಆಗಲೇ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ತಾಟು ಸರಿಸುತ್ತಿದ್ದದ್ದು. "ಏನೂ ಅನ್ನಲಿಲ್ಲ ನೋಡ್ರಿ ನನಗ" ಅಂದಳು ಅವ್ವ. ಹಾಗಂದು, ಆವತ್ತಿನ ಮೊದಲ ಅಳುವನ್ನು, ಚಾಚಿಯ ಹೆಗಲ ಮೇಲೆ ಬಾಯಿ ಇಟ್ಟು ಅತ್ತಳು. ಪಂಕ್ತಿಯಲ್ಲಿ ಕೂತವರು ಕೈ ನಿಲ್ಲಿಸಿ ಇತ್ತ ನೋಡಿದರು.

ಅವ್ವ ಆಮೇಲೆ ಬ್ರೆಡ್ಡು ಮಾಡಲಿಲ್ಲ. ಭರಣಿಯ ಹೆಪ್ಪು ಒಣಗಿಹೋಯಿತು. ಆದರೆ ಅವಳು ಮತ್ತೆ ಯಾರ ಅಡುಗೆಗೂ ಹೆಸರಿಟ್ಟು ತಪ್ಪು ತೆಗೆಯಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಮನೆಗೆ ಬಂದಾಗ ನನ್ನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿದ್ದರೂ, ಪಲ್ಯ ಸಪ್ಪೆಯಾಗಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದಳು. ಅವಳು ಬಹಳ ಸುಮ್ಮನಿದ್ದಾಳೆ ಅಂದರೆ ನಾನು ಓಡಿಹೋಗಿ ರುಚಿ ನೋಡುತ್ತಿದ್ದೆ. ಈಗ ಅವ್ವನೂ ಇಲ್ಲ. ಖೈರುನ್ ಚಾಚಿ ಅವಳಿಗಿಂತ ಮೊದಲೇ ಹೋದಳು. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಪಡಸಾಲೆ ಹೋಯಿತು, ಭಟ್ಟಿ ಹೋಯಿತು. ನಮ್ಮ ಎರಡು ಮನೆಗಳ ನಡುವಿನ ಆ ಬೆಚ್ಚನೆಯ ಗೋಡೆ ಇದ್ದ ಜಾಗದಲ್ಲಿ ಈಗ ಆಟೋಗಳು ನಿಲ್ಲುತ್ತವೆ. ಒಂದು ದಿನ ಅಲ್ಲಿ ಇಳಿದು ಸುಮ್ಮನೆ ನಿಂತಿದ್ದೆ, ಎಲ್ಲಿಗೆ ಹೋಗಬೇಕ್ರಿ ಅಂತ ಆಟೋದವ ಕೇಳಿದ. ಅವ್ವನ ಸಾಮಾನಿನಲ್ಲಿ ನನಗೆ ಉಳಿದದ್ದು ಆ ಎಣ್ಣೆ ಡಬ್ಬಿ. ಗೋದಿ ಅಳೆಯಲು ಇಟ್ಟುಕೊಂಡಿದ್ದೆ.

ಇಟ್ಟಂಗಿಯ ಮರುದಿನ ನಾನು ಮೊಣಕೈಯಿಂದ ನೀರು ಮುಟ್ಟಿ ನೋಡಿ, ವಿಡಿಯೊದವಳು ಹೇಳಿದ ಹಾಗೆ ಉಪ್ಪು ಹಾಕಿ ನಾದಿದೆ. ಛಲೋ ಆಯಿತು. ಮಗಳು ಸವತೆಕಾಯಿ, ಟೊಮ್ಯಾಟೊ, ಶೇಂಗಾ ಚಟ್ನಿಪುಡಿ ಹಾಕಿ ಸ್ಯಾಂಡ್‌ವಿಚ್ ಮಾಡಿದಳು. "ಅವ್ವಾ, ಅಂಗಡೀದಕ್ಕಿಂತ ಛಲೋ ಆಗೇತಿ" ಅಂತ ಮೊದಲ ತುತ್ತಿಗೇ ಅಂದಳು. ನನ್ನ ಅವ್ವ ಜೀವಮಾನವೆಲ್ಲ ಕಾದ ಮಾತು ನನಗೆ ಹೀಗೆ ಸುಲಭಕ್ಕೆ ಸಿಕ್ಕಿತು. ಮಗಳು ಊರಿಗೆ ಹೋದ ಮೇಲೆ, ಮೊನ್ನೆ, ನಾನೊಬ್ಬಳೇ ಇದ್ದಾಗ, ಇನ್ನೊಮ್ಮೆ ಸ್ವಲ್ಪವೇ ಹಿಟ್ಟು ಕಲಸಿದೆ. ಕಲಸಿ ಮುಚ್ಚಿಟ್ಟು ಕುರ್ಚಿಯಲ್ಲಿ ಕೂತಾಗಲೇ ಆ ವಾಸನೆ ಬಂದದ್ದು. ಎಣ್ಣೆ ಡಬ್ಬಿಯಲ್ಲಿ ಬೇಯಿಸಿದೆ. ಅವಸರ ಮಾಡಿ ಏರಿತ್ತು, ಬಣ್ಣ ಹಿಡಿಯಲಿಲ್ಲ, ಬೆನ್ನ ಮೇಲೆ ಆ ಗೆರೆ ಹಾಗೇ ಮೂಡಿ ಬಂತು. ಪಕ್ಕದ ಮನೆಯ ಹಿರಿಯರು ವಾಸನೆಗೆ ಬಾಗಿಲಿಗೆ ಬಂದು, "ಬ್ರೆಡ್ ವಾಸನಿ ಬಂತು, ಯಾರಿಗೆ ಆರಾಮಿಲ್ರಿ?" ಅಂದರು. ಎಲ್ಲಾರೂ ಆರಾಮ ಅದೀವ್ರಿ ಅಂದೆ. ಅವರು ಹೋದ ಮೇಲೆ ಬಟ್ಟಲಲ್ಲಿ ಹಾಲು ತೆಗೆದುಕೊಂಡು ಕೂತೆ. ಎರಡೂ ಕೈಯಿಂದ ಮುರಿದೆ, ಅದ್ದಿದೆ, ಕಣ್ಣು ಮುಚ್ಚಿದೆ. ಉಪ್ಪು ನಾನೇ ಹಾಕಿರಲಿಲ್ಲ. ಕೊನೆಯ ತುತ್ತಿನವರೆಗೆ ತಿಂದೆ, ಏನೂ ಅನ್ನಲಿಲ್ಲ.